ನಿಮಗಿದು ಗೊತ್ತೇ? ಅಧ್ಯಕ್ಷರ ಪದಗ್ರಹಣ, ಕ್ಯಾಂಪಸ್ಸಿನ ಹಬ್ಬ

ನಮ್ಮಲ್ಲಿ ಕುಲಪತಿ ಮಾಡುವ ಕೆಲಸವನ್ನು ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಮಾಡುವವರು ‘ಅಧ್ಯಕ್ಷ’ರು. ಹೊಸ ಅಧ್ಯಕ್ಷರು ಬಂದರೆಂದರೆ ಹೂಗುಚ್ಛ ಕೊಟ್ಟು, ಫೋಟೊ ತೆಗೆಸಿಕೊಂಡು ಅಲ್ಲಿ ಕೆಲಸ ಮುಗಿಯುವುದಿಲ್ಲ. ಮೆರವಣಿಗೆ, ಉಪನ್ಯಾಸ, ಸಂಗೀತ, ಊಟ, ಆಟ ಎಲ್ಲ ಸೇರಿ ಕೆಲವು ಕಡೆ ಎರಡು ಮೂರು ದಿನದ ಹಬ್ಬವೇ ನಡೆಯುತ್ತದೆ. ವಿದ್ಯಾರ್ಥಿಗಳು, ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ಊರಿನವರು ನೋಡುತ್ತಿರುವಾಗ ಒಂದು ವಿದ್ಯಾಸಂಸ್ಥೆಯನ್ನು ಒಬ್ಬರ ಕೈಗೆ ಒಪ್ಪಿಸುವ ಈ ಪದ್ಧತಿ ನನಗೆ ಬಹಳ ಇಷ್ಟ. ಅದರಲ್ಲಿ ವಿದ್ಯಾರ್ಥಿಗಳ ಪಾಲು ಹೆಚ್ಚಿದಷ್ಟೂ ಅದಕ್ಕೆ ಬೆಲೆ ಹೆಚ್ಚು ಎಂದು ನಂಬಿದವನು ನಾನು. ಈ ಸಲದ ಅಂಕಣ ಪೂರ್ತಿ ಅದರ ಸುತ್ತಲೇ.

◆ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ತನ್ನ ಹುಟ್ಟುಹಬ್ಬವನ್ನು ಶಂಕುಸ್ಥಾಪನೆಯ ದಿನದಿಂದ ಎಣಿಸುವುದಿಲ್ಲ, ಮೊದಲ ಪಾಠ ನಡೆದ ದಿನದಿಂದಲೂ ಎಣಿಸುವುದಿಲ್ಲ. ಮೊದಲ ಅಧ್ಯಕ್ಷ ಡೇನಿಯಲ್ ಕಾಯ್ಟ್ ಗಿಲ್ಮನ್ ಅವರ ಪದಗ್ರಹಣ ನಡೆದ 1876ರ ಫೆಬ್ರುವರಿ 22 ಅದರ ಸ್ಥಾಪನಾ ದಿನ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ ದಿನವೂ ಅದೇ. ಅಂದು ಹಾರ್ವರ್ಡ್‌ನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಬಂದು ಮಾತನಾಡಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಹಕ್ಸ್‌ಲಿ ಅವರನ್ನು ಕರೆಸಿ ಭಾಷಣ ಮಾಡಿಸಿದಾಗ ಮಾತ್ರ ದೊಡ್ಡ ಗಲಾಟೆಯಾಯಿತು. ಡಾರ್ವಿನ್ನನ ಪರ ವಾದಿಸುವವರನ್ನು ಕರೆಸಿದ್ದು ಒಂದು ತಪ್ಪು, ಸಭೆಯಲ್ಲಿ ಪ್ರಾರ್ಥನೆ ಇಡದೇ ಹೋದದ್ದು ಇನ್ನೊಂದು ತಪ್ಪು ಎಂದು ಸಂಪ್ರದಾಯಸ್ಥರು ಕೆರಳಿದರು.

◆ ಅಧ್ಯಕ್ಷರು ಕೆಲಸಕ್ಕೆ ಹಾಜರಾಗುವುದು ಸಾಮಾನ್ಯವಾಗಿ ಜುಲೈ 1ಕ್ಕೆ. ಪದಗ್ರಹಣ ನಡೆಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಕೆಲವೊಮ್ಮೆ ಮರುವರ್ಷದ ವಸಂತದಲ್ಲಿ. ಜುಲೈ ತಿಂಗಳಲ್ಲಿ ವಿದ್ಯಾರ್ಥಿಗಳೆಲ್ಲ ಊರಿಗೆ ಹೋಗಿರುತ್ತಾರೆ, ಖಾಲಿ ಅಂಗಳದಲ್ಲಿ ಹಬ್ಬ ಮಾಡಿ ಏನು ಪ್ರಯೋಜನ? ಹಳೆಯ ವಿದ್ಯಾರ್ಥಿಗಳು ಅಥವಾ ಪೋಷಕರು ಬರುವ ವಾರಾಂತ್ಯವನ್ನು ನೋಡಿ ದಿನ ಗೊತ್ತು ಮಾಡುವವರೇ ಹೆಚ್ಚು.

◆ ಪದಗ್ರಹಣದ ಮೆರವಣಿಗೆಯಲ್ಲಿ ಬೇರೆ ಬೇರೆ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳೂ ನಡೆಯುತ್ತಾರೆ. ಯಾರ ಹಿಂದೆ ಯಾರು? ಹಣ, ಹೆಸರು, ರ‍್ಯಾಂಕು ಯಾವುದೂ ಲೆಕ್ಕಕ್ಕಿಲ್ಲ. ಸಂಸ್ಥೆ ಹುಟ್ಟಿದ ವರ್ಷವೊಂದೇ ಲೆಕ್ಕ, ಹಳೆಯದು ಮುಂದೆ. ಹೀಗಾಗಿ ಇಟಲಿಯ ಬೊಲೊನ್ಯಾ, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನವರು ಬಂದರೆ 1636ರ ಹಾರ್ವರ್ಡ್ ಕೂಡ ಅವರ ಹಿಂದೆ ನಿಲ್ಲಬೇಕು. 1916ರ ನಮ್ಮ ಮೈಸೂರು ವಿಶ್ವವಿದ್ಯಾಲಯದ ಪ್ರತಿನಿಧಿ ಹೋದರೆ 1927ರ ಹ್ಯೂಸ್ಟನ್ ವಿಶ್ವವಿದ್ಯಾಲಯದವರಿಗಿಂತ ಮುಂದೆ ನಡೆಯಬಹುದು. ದೂರದ ಸಂಸ್ಥೆಗಳು ಇಷ್ಟಕ್ಕಾಗಿ ವಿಮಾನ ಹತ್ತಿಸಿ ಯಾರನ್ನೂ ಕಳಿಸುವುದಿಲ್ಲ. ಆ ಊರಿನ ಹತ್ತಿರ ನೆಲೆಸಿರುವ ತಮ್ಮ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಪತ್ರ ಬರೆದು, ನಮ್ಮ ಪರವಾಗಿ ನೀವು ನಡೆಯಿರಿ ಎನ್ನುತ್ತವೆ. ಓದು ಮುಗಿಸಿ ಎಷ್ಟೋ ವರ್ಷವಾದವರಿಗೆ ತಮ್ಮ ಕಾಲೇಜಿನ ಹೆಸರು ಹೊತ್ತು ನಡೆಯುವ ಭಾಗ್ಯ.

◆ ಅಲ್ಲಿ ತೊಡುವ ನಿಲುವಂಗಿಗಳ ಬಣ್ಣ ಕಣ್ಣಿಗೆ ಹಬ್ಬವಷ್ಟೇ ಅಲ್ಲ, ಓದಲು ಬಂದರೆ ಅದೊಂದು ಪರಿಚಯಪತ್ರ. 1895ರಲ್ಲಿ ಅಮೆರಿಕದ ಕಾಲೇಜುಗಳು ಕೂತು ಇದಕ್ಕೊಂದು ನಿಯಮಾವಳಿ ಮಾಡಿಕೊಂಡವು. ತೋಳಿನ ಮೇಲೆ ಮೂರು ಮಖಮಲ್ ಪಟ್ಟಿ ಇದ್ದರೆ ಡಾಕ್ಟರೇಟ್ ಪಡೆದವರು. ಬೆನ್ನ ಮೇಲೆ ಇಳಿಬಿದ್ದ ಹುಡ್‌ನ ಒಳಮೈ ಬಣ್ಣ ಅವರು ಓದಿದ ವಿಶ್ವವಿದ್ಯಾಲಯದ್ದು, ಅಂಚಿನ ಬಣ್ಣ ಓದಿದ ವಿಷಯದ್ದು. ವೈದ್ಯಕೀಯಕ್ಕೆ ಹಸಿರು, ಕಾನೂನಿಗೆ ನೇರಳೆ, ವಿಜ್ಞಾನಕ್ಕೆ ಹೊಂಬಣ್ಣದ ಹಳದಿ, ಸಂಗೀತಕ್ಕೆ ಗುಲಾಬಿ, ಗ್ರಂಥಾಲಯ ವಿಜ್ಞಾನಕ್ಕೆ ನಿಂಬೆಹಳದಿ.

◆ ಅಧ್ಯಕ್ಷರ ತೋಳಿನ ಮೇಲೆ ಬಹಳ ಕಡೆ ನಾಲ್ಕನೆಯ ಪಟ್ಟಿಯೂ ಇರುತ್ತದೆ.

◆ ಹಾರ್ವರ್ಡ್‌ನಲ್ಲಿ ಹೊಸ ಅಧ್ಯಕ್ಷರ ಕೈಗೆ ಕೊಡುವುದು ಎರಡು ಬೆಳ್ಳಿಯ ಕೀಲಿಕೈ, ಸಂಸ್ಥೆಯ ಮೊಹರು, ಅತಿ ಹಳೆಯ ದಾಖಲೆ ಪುಸ್ತಕ ಮತ್ತು 1650ರ ಸನದು. 1708ರಲ್ಲಿ ಜಾನ್ ಲೆವರೆಟ್ ಅಧ್ಯಕ್ಷರಾದ ಕಾಲದಿಂದ ಈ ಬಗೆಯ ಹಸ್ತಾಂತರ ನಡೆದುಬಂದಿದೆ. ಕೂರಿಸುವ ಕುರ್ಚಿಯಂತೂ ವಿಚಿತ್ರವಾದದ್ದು: ಮುಕ್ಕೋನದ ಆಸನ, ಮೂರೇ ಕಾಲು, ಮೈತುಂಬ ಕಡೆದ ಗುಂಡುಗಳು. 1737ರಿಂದ 1769ರವರೆಗೆ ಅಧ್ಯಕ್ಷರಾಗಿದ್ದ ಎಡ್ವರ್ಡ್ ಹೋಲಿಯೋಕ್ ಅದನ್ನು ಕಾಲೇಜಿಗೆ ತಂದರು. ಕೆಲವು ಗುಂಡುಗಳನ್ನು ಅವರೇ ಕಡೆದು ಜೋಡಿಸಿದರೆಂಬ ಮಾತಿದೆ. ಕೂತವರಿಗೆ ಸುಖ ಕೊಡುವ ಕುರ್ಚಿಯಲ್ಲ ಅದು. ಅಂಥ ಹುದ್ದೆಗೆ ಅಂಥ ಕುರ್ಚಿಯೇ ಸರಿ ಎಂದು ನನಗನ್ನಿಸುತ್ತದೆ.

◆ ಹಾರ್ವರ್ಡ್‌ನ ಪದಗ್ರಹಣಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವುದು 2007ರ ಅಕ್ಟೋಬರ್ 12ರದು. ಅಂದು ಅಧ್ಯಕ್ಷೆಯಾದವರು ಇತಿಹಾಸಕಾರ್ತಿ ಡ್ರೂ ಗಿಲ್ಪಿನ್ ಫಾಸ್ಟ್, 28ನೆಯ ಅಧ್ಯಕ್ಷರು, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಸಮಾರಂಭಕ್ಕೆ ಕೆಲವೇ ದಿನ ಮೊದಲು ವಿಶ್ವವಿದ್ಯಾಲಯದ ಪತ್ರಾಗಾರದವರು ಅವರಿಗೊಂದು ಹಳೆಯ ಲಕೋಟೆ ತಂದುಕೊಟ್ಟರು. 1951ರಲ್ಲಿ ಅಂದಿನ ಅಧ್ಯಕ್ಷ ಜೇಮ್ಸ್ ಬ್ರಯಂಟ್ ಕೊನಂಟ್ ಅದಕ್ಕೆ ಮೊಹರು ಹಾಕಿ ಇಡಿಸಿದ್ದರು. ಮುಂದಿನ ಶತಮಾನದ ಆರಂಭದಲ್ಲಿ ಅಧ್ಯಕ್ಷರಾಗಿರುವವರು ಒಡೆಯಬೇಕು, ಅದಕ್ಕೆ ಮೊದಲು ಯಾರೂ ಮುಟ್ಟಬಾರದು ಎಂಬುದು ಅವರ ಆಜ್ಞೆ.

ಕೊನಂಟ್ ರಸಾಯನವಿಜ್ಞಾನಿ. ಅಣುಬಾಂಬ್ ತಯಾರಿಸಿದ ಯೋಜನೆಯ ಮೇಲ್ವಿಚಾರಣೆಯಲ್ಲಿ ಇದ್ದವರು, 1945ರ ಜುಲೈನಲ್ಲಿ ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ ನಡೆದ ಮೊದಲ ಸ್ಫೋಟವನ್ನು ಕಣ್ಣಾರೆ ಕಂಡವರು. ಪತ್ರದ ತುಂಬ ಆ ಭಯವಿತ್ತು. ಮೂರನೆಯ ಮಹಾಯುದ್ಧ ಬಂದು ನಗರಗಳೆಲ್ಲ ನಾಶವಾಗಬಹುದು, ಹಾರ್ವರ್ಡ್ ಇರುವ ಕೇಂಬ್ರಿಜ್ ಕೂಡ ಉಳಿಯಲಿಕ್ಕಿಲ್ಲ ಎಂದು ಬರೆದಿದ್ದರು. ಮುಂದಿನ ಐವತ್ತು ವರ್ಷ ಹೇಗೆ ದಾಟುತ್ತೇವೋ ಎಂಬ ಚಿಂತೆಯ ನಡುವೆಯೂ, ಅಷ್ಟು ವರ್ಷಗಳ ಮೇಲೆ ಆ ಪತ್ರ ಓದಲು ಒಬ್ಬ ಅಧ್ಯಕ್ಷರು ಇದ್ದೇ ಇರುತ್ತಾರೆಂದು ನಂಬಿ ಬರೆದರಲ್ಲ! ಆದರೆ ಓದುವವರು ಒಬ್ಬ ಮಹಿಳೆಯಾಗಿರಬಹುದು ಎಂಬುದು ಮಾತ್ರ ಅವರಿಗೆ ಹೊಳೆದಿರಲಿಲ್ಲ. ಪತ್ರ ಶುರುವಾಗುವುದು ಗಂಡಸರನ್ನು ಸಂಬೋಧಿಸುವ ‘ಮೈ ಡಿಯರ್ ಸರ್’ ಎಂಬ ಮಾತಿನಿಂದ. ಫಾಸ್ಟ್ ತಮ್ಮ ಪದಗ್ರಹಣ ಭಾಷಣದಲ್ಲಿ ಆ ಪತ್ರದ ಸಂಗತಿಯನ್ನು ಇಡೀ ಸಭೆಗೆ ಹೇಳಿದರು.

◆ ಅದೇ ಕೊನಂಟ್ 1933ರಲ್ಲಿ ಅಧ್ಯಕ್ಷರಾದಾಗ ಜಗತ್ತೆಲ್ಲ ಆರ್ಥಿಕ ಕುಸಿತದಲ್ಲಿತ್ತು. ಅವರು ಮೆರವಣಿಗೆ ಬೇಡವೆಂದರು. ಅಧ್ಯಾಪಕರು ಸಭೆ ಸೇರುವ ಕೋಣೆಯಲ್ಲೇ ಸರಳವಾಗಿ ಕೀಲಿಕೈ, ಸನದು ಪಡೆದು ಕೆಲಸಕ್ಕೆ ಹೊರಟರು.

◆ 2023ರ ಸೆಪ್ಟೆಂಬರ್ 29ರಂದು ಹಾರ್ವರ್ಡ್‌ನ ಅಂಗಳದಲ್ಲಿ ಮಳೆಯೋ ಮಳೆ. ಆ ಮಳೆಯಲ್ಲೇ 30ನೆಯ ಅಧ್ಯಕ್ಷೆಯಾಗಿ ಕ್ಲಾಡಿನ್ ಗೇ ಅವರ ಪದಗ್ರಹಣ ನಡೆಯಿತು, ಆ ಸ್ಥಾನದಲ್ಲಿ ಕೂತ ಮೊದಲ ಕಪ್ಪು ಜನಾಂಗದವರು ಅವರು. 2024ರ ಜನವರಿ 2ರಂದು ಅವರು ರಾಜೀನಾಮೆ ಕೊಟ್ಟರು. ಹಾರ್ವರ್ಡ್‌ನ ಚರಿತ್ರೆಯಲ್ಲೇ ಅತಿ ಕಡಿಮೆ ಅವಧಿ ಅವರದು.

◆ ಇನ್ನೂ ಕಡಿಮೆ ಅವಧಿ ಬೇಕೆಂದರೆ ಪ್ರಿನ್ಸ್‌ಟನ್‌ಗೆ ಹೋಗಬೇಕು. ಧರ್ಮಶಾಸ್ತ್ರಜ್ಞ ಜೊನಾಥನ್ ಎಡ್ವರ್ಡ್ಸ್ ಅಲ್ಲಿ ಅಧ್ಯಕ್ಷರಾದದ್ದು 1758ರ ಫೆಬ್ರುವರಿಯಲ್ಲಿ. ಊರಿಗೆ ಸಿಡುಬು ಬಂದಿತ್ತು. ಧೈರ್ಯವಾಗಿ ಸಿಡುಬಿನ ಕೀವನ್ನೇ ಚುಚ್ಚಿಸಿಕೊಂಡರು, ಆಗಿನ್ನೂ ಜೆನ್ನರ್‌ನ ಲಸಿಕೆ ಬಂದಿರಲಿಲ್ಲ. ಅದೇ ಮುಳುವಾಗಿ ಮಾರ್ಚ್ 22ರಂದು ತೀರಿಕೊಂಡರು.

◆ ನ್ಯೂ ಹ್ಯಾಂಪ್‌ಶೈರ್‌ನ ಡಾರ್ಟ್‌ಮತ್ ಕಾಲೇಜಿನಲ್ಲಿ ಅಧ್ಯಕ್ಷರಿಂದ ಅಧ್ಯಕ್ಷರಿಗೆ ದಾಟುವುದು ಒಂದು ಬೆಳ್ಳಿಯ ಬೋಗುಣಿ. ಬ್ರಿಟಿಷ್ ಗವರ್ನರ್ ಜಾನ್ ವೆಂಟ್‌ವರ್ತ್ ಅದನ್ನು 1771ರಲ್ಲಿ ಸ್ಥಾಪಕ ಎಲಿಯಜರ್ ವೀಲಾಕ್‌ಗೂ ಮುಂದೆ ಆ ಸ್ಥಾನಕ್ಕೆ ಬರುವವರಿಗೂ ಎಂದು ಕೊಟ್ಟ. ಕೊರಳಲ್ಲಿ ಧರಿಸುವ ಪದಕವನ್ನು ಕೊಟ್ಟವನು 1785ರಲ್ಲಿ ಲಂಡನ್ನಿನ ಜಾನ್ ಫ್ಲೂಡ್ ಎಂಬಾತ. ವೃತ್ತಿಯಲ್ಲಿ ಅವನು ಒಡವೆ ಅಡವಿಟ್ಟುಕೊಂಡು ಸಾಲ ಕೊಡುವವನು.

ಬೋಗುಣಿಯ ಹೊಳಪಿನ ಜೊತೆಗೆ ಹೇಳಲೇಬೇಕಾದ ಇನ್ನೊಂದು ಹೆಸರಿದೆ: ಸ್ಯಾಮ್ಸನ್ ಆಕಮ್. ಮೊಹೀಗನ್ ಬುಡಕಟ್ಟಿನ ಪಾದ್ರಿ, ವೀಲಾಕ್‌ನ ಶಿಷ್ಯ. ಮೂಲನಿವಾಸಿ ಮಕ್ಕಳಿಗಾಗಿ ಶಾಲೆ ಕಟ್ಟುತ್ತೇವೆಂಬ ಮಾತನ್ನು ನಂಬಿ 1766ರಿಂದ ಎರಡು ವರ್ಷ ಇಂಗ್ಲೆಂಡ್, ಸ್ಕಾಟ್ಲೆಂಡ್ ಸುತ್ತಿ, ಊರೂರಲ್ಲಿ ಪ್ರವಚನ ಮಾಡಿ ಸುಮಾರು 12,000 ಪೌಂಡ್ ಕೂಡಿಸಿ ತಂದ. ಆ ಹಣದ ಬಲದಿಂದ ಎದ್ದ ಕಾಲೇಜು ಮುಖ್ಯವಾಗಿ ಬಿಳಿಯ ಹುಡುಗರ ಪಾಲಾಯಿತು. ಆಕಮ್ ಕೊನೆಯವರೆಗೂ ಆ ನೋವನ್ನು ನುಂಗಿಕೊಳ್ಳಲಿಲ್ಲ, ಗುರುವಿಗೆ ನೇರವಾಗಿಯೇ ಬರೆದ. 2022ರಲ್ಲಿ ಡಾರ್ಟ್‌ಮತ್ ಅವನ ಕಾಗದಪತ್ರಗಳನ್ನು ಮೊಹೀಗನ್ ಜನರಿಗೆ ಮರಳಿಸಿತು.

◆ ಕಾರ್ನೆಲ್ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ ಆ್ಯಂಡ್ರೂ ಡಿಕ್ಸನ್ ವೈಟ್ ಅವರ ಪದಗ್ರಹಣ 1868ರ ಅಕ್ಟೋಬರ್ 7ರಂದು. ವಿಶ್ವವಿದ್ಯಾಲಯ ತೆರೆದದ್ದೂ ಆಗಲೇ. ಊರಿನ ಜೆನ್ನಿ ಮೆಕ್‌ಗ್ರಾ ಎಂಬ ಯುವತಿ ಉಡುಗೊರೆಯಾಗಿ ಕೊಟ್ಟ ಒಂಬತ್ತು ಗಂಟೆಗಳು ಒಂದು ತಾತ್ಕಾಲಿಕ ಮರದ ಗೋಪುರದಿಂದ ಅಂದೇ ಮೊದಲ ಸಲ ಮೊಳಗಿದವು. ಈಗ ಆ ಗಂಟೆಗಳು 21. ಕಲ್ಲಿನ ಗೋಪುರದ ಮೆಟ್ಟಿಲು ಹತ್ತಿ ಅವುಗಳನ್ನು ನುಡಿಸುವವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳೇ. ಜೆನ್ನಿ 1880ರಲ್ಲಿ ಕಾರ್ನೆಲ್‌ನ ಮೊದಲ ಗ್ರಂಥಪಾಲಕ ವಿಲರ್ಡ್ ಫಿಸ್ಕ್ ಅವರನ್ನು ಮದುವೆಯಾಗಿ ಮರುವರ್ಷವೇ ತೀರಿಕೊಂಡಳು. ಅವಳ ಆಸ್ತಿಗಾಗಿ ಗಂಡನಿಗೂ ವಿಶ್ವವಿದ್ಯಾಲಯಕ್ಕೂ ನಡೆದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1890ರಲ್ಲಿ ವಿಶ್ವವಿದ್ಯಾಲಯ ಸೋತಿತು. ಗಂಟೆಗಳು ಮಾತ್ರ ಅಲ್ಲೇ ಉಳಿದವು.

◆ ಕಾರ್ನೆಲ್‌ಗೆ ತನ್ನದೇ ಡೈರಿ ಇದೆ, ಐಸ್‌ಕ್ರೀಮ್ ಅಲ್ಲೇ ತಯಾರಾಗುತ್ತದೆ. 2006ರಲ್ಲಿ ಹೃದ್ರೋಗ ತಜ್ಞ ಡೇವಿಡ್ ಸ್ಕಾರ್ಟನ್ ಅಧ್ಯಕ್ಷರಾದಾಗ ಡೈರಿಯವರು ಅವರ ಹೆಸರಿನಲ್ಲಿ ‘ಬನಾನ ಬೆರಿ ಸ್ಕಾರ್ಟನ್’ ಎಂಬ ಹೊಸ ಐಸ್‌ಕ್ರೀಮ್ ಮಾಡಿದರು. ಶಿಲಾಫಲಕಕ್ಕಿಂತ ಇದು ಮೇಲು. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೋ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲೋ ಹೊಸ ಕುಲಪತಿ ಬಂದ ದಿನ ವಿದ್ಯಾರ್ಥಿಗಳು ಒಂದು ಪೇಡೆಗೋ ಕುಲ್ಫಿಗೋ ಅವರ ಹೆಸರಿಟ್ಟು ಹಂಚಿದರೆ ಎಷ್ಟು ಚೆಂದ!

◆ ಯೇಲ್ ವಿಶ್ವವಿದ್ಯಾಲಯದಲ್ಲಿ 2013ರ ಅಕ್ಟೋಬರ್‌ನಲ್ಲಿ ಮನೋವಿಜ್ಞಾನಿ ಪೀಟರ್ ಸಾಲೊವೆ ಅವರ ಪದಗ್ರಹಣವಾಯಿತು. ಕಾರ್ಯಕ್ರಮಗಳ ಸಾಲಿನಲ್ಲಿ ನಾಯಿಗಳ ಮೆರವಣಿಗೆಯೂ ಇತ್ತು! ಅದರಲ್ಲಿ ಗೌರವದ ಸ್ಥಾನ ಅಧ್ಯಕ್ಷರ ಮನೆಯ ಪುಟ್ಟ ಹವನೀಸ್ ನಾಯಿ ಪೋರ್ಷಿಯಾಗೆ. ಸಾಲೊವೆ ಅಧ್ಯಾಪಕ ಗೆಳೆಯರ ಜೊತೆ ಕಟ್ಟಿದ ‘ಪ್ರೊಫೆಸರ್ಸ್ ಆಫ್ ಬ್ಲೂಗ್ರಾಸ್’ ಎಂಬ ಜಾನಪದ ವಾದ್ಯಮೇಳದಲ್ಲಿ ಬಾಸ್ ನುಡಿಸುವವರು ಕೂಡ.

◆ ಯೇಲ್‌ನ ಇನ್ನೊಬ್ಬ ಅಧ್ಯಕ್ಷ, ಸಾಹಿತ್ಯದ ಪ್ರಾಧ್ಯಾಪಕ ಬಾರ್ಟ್ಲೆಟ್ ಜಿಯಾಮಾಟಿ 1978ರಲ್ಲಿ ಅಧಿಕಾರ ವಹಿಸಿಕೊಂಡ ಕೂಡಲೇ ಹೊರಡಿಸಿದ ಮೊದಲ ಸುತ್ತೋಲೆಯನ್ನು ಕೇಳಿ: ಕವಿ ಮಿಲ್ಟನ್ನನನ್ನು ನೆನೆದು, ಇನ್ನು ಮುಂದೆ ವಿಶ್ವವಿದ್ಯಾಲಯದ ನೀತಿಯಂತೆ ಕೆಡುಕನ್ನು ರದ್ದುಪಡಿಸಲಾಗಿದೆ, ಸ್ವರ್ಗವನ್ನು ಪುನಃ ಸ್ಥಾಪಿಸಲಾಗಿದೆ ಎಂದು ಘೋಷಿಸಿದ್ದರು. ಬೇಸ್‌ಬಾಲ್ ಎಂದರೆ ಪ್ರಾಣ ಬಿಡುತ್ತಿದ್ದ ಈ ಮನುಷ್ಯ 1989ರಲ್ಲಿ ಅಮೆರಿಕದ ಇಡೀ ವೃತ್ತಿಪರ ಬೇಸ್‌ಬಾಲ್‌ಗೆ ಆಯುಕ್ತರಾದರು. ಐದು ತಿಂಗಳಲ್ಲೇ ಹೃದಯಾಘಾತದಿಂದ ತೀರಿಕೊಂಡರು, ವಯಸ್ಸು ಬರೀ 51.

◆ ಎಂಐಟಿಯ ವಿದ್ಯಾರ್ಥಿಗಳು ಹೊಸಬರನ್ನು ಬರಮಾಡಿಕೊಳ್ಳುವ ರೀತಿಯೇ ಬೇರೆ. 1990ರಲ್ಲಿ ಚಾರ್ಲ್ಸ್ ವೆಸ್ಟ್ ಅಧ್ಯಕ್ಷರಾಗಿ ಮೊದಲ ದಿನ ಕೆಲಸಕ್ಕೆ ಬಂದರೆ ಅವರ ಕಚೇರಿಯ ಬಾಗಿಲೇ ಇಲ್ಲ! ರಾತ್ರೋರಾತ್ರಿ ಬಾಗಿಲ ಮುಂದೆ ಒಂದು ದೊಡ್ಡ ಸೂಚನಾ ಫಲಕ ಕಟ್ಟಿ, ಮೊದಲಿಂದ ಅಲ್ಲಿ ಗೋಡೆಯೇ ಇತ್ತೆಂಬಂತೆ ಮಾಡಿಟ್ಟಿದ್ದರು. ವೆಸ್ಟ್ ಆ ತಮಾಷೆಯನ್ನು ಮೆಚ್ಚಿಕೊಂಡರು. ಅವರು ಅಲ್ಲಿ 2004ರವರೆಗೂ ಇದ್ದರು. ಅಷ್ಟು ಸಲಿಗೆ ತೋರುವ ಹುಡುಗರು, ಅದನ್ನು ಸಲಿಗೆ ಎಂದೇ ತಿಳಿಯುವ ಹಿರಿಯರು ಇರುವ ಕ್ಯಾಂಪಸ್ಸು ಆರೋಗ್ಯವಾಗಿದೆ ಎಂದೇ ಅರ್ಥ.

◆ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪಕ್ಷದ ಸೇನೆ ನಡೆಸಿ ಸೋತ ಜನರಲ್ ರಾಬರ್ಟ್ ಲೀ, ಆರು ತಿಂಗಳೊಳಗೆ ವರ್ಜೀನಿಯಾದ ಲೆಕ್ಸಿಂಗ್ಟನ್‌ನಲ್ಲಿ ಒಂದು ಸಣ್ಣ ಕಾಲೇಜಿನ ಅಧ್ಯಕ್ಷನಾದ. 1865ರ ಅಕ್ಟೋಬರ್ 2ರಂದು, ಆಡಂಬರ ಬೇಡವೆಂದು ಕಾಲೇಜಿನ ಒಂದು ಕೋಣೆಯಲ್ಲಿ ಪ್ರಮಾಣವಚನ ತೆಗೆದುಕೊಂಡ. ಅದೇ ದಿನ ಇನ್ನೊಂದು ಪ್ರಮಾಣಪತ್ರಕ್ಕೂ ಸಹಿ ಹಾಕಿದ, ಅಮೆರಿಕದ ಒಕ್ಕೂಟಕ್ಕೆ ನಿಷ್ಠನಾಗಿರುತ್ತೇನೆಂಬ ಕ್ಷಮಾದಾನದ ಪತ್ರಕ್ಕೆ. ಆ ಕಾಗದ ಸರ್ಕಾರಿ ಕಡತಗಳಲ್ಲಿ ಎಲ್ಲೋ ಸೇರಿಹೋಗಿ, ಅವನು ಸತ್ತು ನೂರು ವರ್ಷವಾದ ಮೇಲೆ 1970ರಲ್ಲಿ ಸಿಕ್ಕಿತು. ಪೌರತ್ವ ಮರಳಿದ್ದು 1975ರಲ್ಲಿ.

◆ ಥಾಮಸ್ ಜೆಫರ್ಸನ್ 1819ರಲ್ಲಿ ಸ್ಥಾಪಿಸಿದ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಎಂಬತ್ತಕ್ಕೂ ಹೆಚ್ಚು ವರ್ಷ ಅಧ್ಯಕ್ಷರೇ ಇರಲಿಲ್ಲ. ಒಬ್ಬರ ಕೈಯಲ್ಲಿ ಅಧಿಕಾರ ಸೇರಬಾರದೆಂದು ಅಧ್ಯಾಪಕರೇ ಸರದಿಯಂತೆ ಆಡಳಿತ ನೋಡುತ್ತಿದ್ದರು. ಕೊನೆಗೂ ಎಡ್ವಿನ್ ಆಲ್ಡರ್ಮನ್ ಮೊದಲ ಅಧ್ಯಕ್ಷರಾದಾಗ ಪದಗ್ರಹಣಕ್ಕೆ ಆರಿಸಿಕೊಂಡ ದಿನ 1905ರ ಏಪ್ರಿಲ್ 13, ಜೆಫರ್ಸನ್ನನ ಜನ್ಮದಿನ.

◆ ಶಿಕಾಗೊ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ 1892ರ ಅಕ್ಟೋಬರ್ 1ರಂದು ಉದ್ಘಾಟನೆಯೇ ಇಲ್ಲದೆ ಪಾಠ ಶುರು ಮಾಡಿಸಿದರು. ಒಂದು ಪ್ರಾರ್ಥನಾ ಸಭೆ, ಅಷ್ಟೇ. ಎಷ್ಟೋ ಕಾಲದಿಂದ ನಡೆದುಬಂದ ಕೆಲಸ ಇಂದೂ ಮುಂದುವರಿಯುತ್ತಿದೆ ಎಂಬಂತೆ ಇರಬೇಕೆಂಬುದು ಅವರ ಆಸೆ.

◆ ವಿಶ್ವವಿದ್ಯಾಲಯದ ಅಧ್ಯಕ್ಷಗಿರಿಯಿಂದ ದೇಶದ ಅಧ್ಯಕ್ಷಗಿರಿಗೆ ಏರಿದವರೂ ಇದ್ದಾರೆ. ವುಡ್ರೊ ವಿಲ್ಸನ್ 1902ರ ಅಕ್ಟೋಬರ್ 25ರಂದು ಪ್ರಿನ್ಸ್‌ಟನ್‌ನ 13ನೆಯ ಅಧ್ಯಕ್ಷರಾದರು. ಹಿಂದಿನ ಹನ್ನೆರಡೂ ಮಂದಿ ಪಾದ್ರಿಗಳು, ಪಾದ್ರಿಯಲ್ಲದವರಲ್ಲಿ ಇವರೇ ಮೊದಲಿಗರು. ಅತಿಥಿಗಳಲ್ಲಿ ಮಾರ್ಕ್ ಟ್ವೇನ್ ಇದ್ದರು. ಗುಲಾಮಗಿರಿಯಲ್ಲಿ ಹುಟ್ಟಿ ಟಸ್ಕೀಗಿ ಸಂಸ್ಥೆ ಕಟ್ಟಿದ ಬುಕರ್ ಟಿ. ವಾಷಿಂಗ್ಟನ್ ಇದ್ದರು. ಅದೇ ವಿಲ್ಸನ್ 1913ರಲ್ಲಿ ದೇಶದ ಅಧ್ಯಕ್ಷರಾದ ಮೇಲೆ ಸರ್ಕಾರಿ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರ್ಪಡಿಸಿ ಕೂರಿಸುವುದಕ್ಕೆ ಎಡೆಮಾಡಿದರು. 2020ರಲ್ಲಿ ಪ್ರಿನ್ಸ್‌ಟನ್ ತನ್ನ ಸಾರ್ವಜನಿಕ ನೀತಿ ಶಾಲೆಯಿಂದ ಅವರ ಹೆಸರನ್ನು ತೆಗೆದುಹಾಕಿತು. ತಡವಾಯಿತು, ಆದರೆ ಸರಿಯಾಯಿತು.

◆ ಎರಡನೆಯ ಮಹಾಯುದ್ಧದ ಸೇನಾನಿ ಐಸೆನ್‌ಹೋವರ್ 1948ರ ಅಕ್ಟೋಬರ್ 12ರಂದು ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿ ಗೌನು ತೊಟ್ಟರು. ಅವರ ತಮ್ಮ ಮಿಲ್ಟನ್ ಅಣ್ಣನಿಗಿಂತ ಮೊದಲೇ ಆ ದಾರಿ ಹಿಡಿದವರು: ಕ್ಯಾನ್ಸಸ್ ಸ್ಟೇಟ್, ಪೆನ್ ಸ್ಟೇಟ್, ಜಾನ್ಸ್ ಹಾಪ್ಕಿನ್ಸ್ ಹೀಗೆ ಮೂರು ಸಂಸ್ಥೆಗಳಿಗೆ ಅಧ್ಯಕ್ಷರಾದರು.

◆ ಈಗ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಘಟನೆ. ವಾಷಿಂಗ್ಟನ್ ನಗರದ ಗ್ಯಾಲಡೆಟ್ ವಿಶ್ವವಿದ್ಯಾಲಯ ಕಿವುಡರಿಗಾಗಿ 1864ರಿಂದ ನಡೆಯುತ್ತಿರುವ ಉನ್ನತ ಶಿಕ್ಷಣ ಸಂಸ್ಥೆ. ಅಲ್ಲಿನ ಪದವಿ ಪತ್ರಗಳಿಗೆ ದೇಶದ ಅಧ್ಯಕ್ಷರೇ ಸಹಿ ಹಾಕುತ್ತಾರೆ. ಆದರೆ 124 ವರ್ಷಗಳಲ್ಲಿ ಒಬ್ಬ ಕಿವುಡರೂ ಅದರ ಅಧ್ಯಕ್ಷರಾಗಿರಲಿಲ್ಲ. 1988ರ ಮಾರ್ಚ್ 6ರಂದು ಕೊನೆಯ ಸುತ್ತಿನಲ್ಲಿ ಮೂವರು ಉಳಿದಿದ್ದರು, ಇಬ್ಬರು ಕಿವುಡರು. ಆಡಳಿತ ಮಂಡಳಿ ಆರಿಸಿದ್ದು ಮೂರನೆಯವರನ್ನು: ಕಿವಿ ಕೇಳುವ, ಸನ್ನೆಭಾಷೆ ಬಾರದ ಎಲಿಜಬೆತ್ ಜಿನ್ಸರ್ ಅವರನ್ನು.

ಮರುದಿನ ಬೆಳಗಾಗುವಷ್ಟರಲ್ಲಿ ವಿದ್ಯಾರ್ಥಿಗಳು ಗೇಟುಗಳನ್ನೆಲ್ಲ ಮುಚ್ಚಿಬಿಟ್ಟಿದ್ದರು. ಅವರ ಬೇಡಿಕೆ ನಾಲ್ಕು: ಕಿವುಡ ಅಧ್ಯಕ್ಷರು ಬೇಕು, ಮಂಡಳಿಯ ಮುಖ್ಯಸ್ಥೆ ಹುದ್ದೆ ಬಿಡಬೇಕು, ಮಂಡಳಿಯಲ್ಲಿ ಕಿವುಡರೇ ಬಹುಮತದಲ್ಲಿರಬೇಕು, ಮುಷ್ಕರ ಮಾಡಿದವರ ಮೇಲೆ ಸೇಡು ತೀರಿಸಿಕೊಳ್ಳಬಾರದು. ಅಧ್ಯಾಪಕರು ಜೊತೆಗೆ ನಿಂತರು. ಪದವಿ ಕಾಲೇಜಿನ ಡೀನ್ ಆಗಿದ್ದ ಕಿಂಗ್ ಜೋರ್ಡನ್, ಮೂವರಲ್ಲಿ ಒಬ್ಬರಾಗಿದ್ದವರು, ಮೊದಲು ಮಂಡಳಿಯ ಆಯ್ಕೆಗೆ ತಲೆಬಾಗಿದ್ದರು. ಮರುದಿನ ಆ ಮಾತನ್ನು ಹಿಂತೆಗೆದುಕೊಂಡು ವಿದ್ಯಾರ್ಥಿಗಳ ಪಕ್ಷ ಸೇರಿದರು. ಜಿನ್ಸರ್ ರಾಜೀನಾಮೆ ಕೊಟ್ಟರು. ಮಾರ್ಚ್ 11ರಂದು ಸುಮಾರು 2,500 ಜನ ಸಂಸತ್ ಭವನದತ್ತ ನಡೆದರು. ಮಾರ್ಚ್ 13ರಂದು ಜೋರ್ಡನ್ ಅಧ್ಯಕ್ಷರೆಂದು ಪ್ರಕಟವಾಯಿತು, ನಾಲ್ಕೂ ಬೇಡಿಕೆ ಈಡೇರಿದವು. ಮಂಡಳಿಯ ಹೊಸ ಮುಖ್ಯಸ್ಥರೂ ಕಿವುಡರೇ, ಫಿಲಿಪ್ ಬ್ರಾವಿನ್. ಕಿವುಡರು ಕೇಳುವುದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮಾಡಬಲ್ಲರು ಎಂಬ ಅರ್ಥದ ಜೋರ್ಡನ್ ಮಾತು ಲೋಕಪ್ರಸಿದ್ಧವಾಯಿತು. ಎರಡು ವರ್ಷಕ್ಕೆ, 1990ರಲ್ಲಿ, ಅಂಗವಿಕಲರ ಹಕ್ಕಿನ ಕಾನೂನು ಅಮೆರಿಕದಲ್ಲಿ ಅಂಗೀಕಾರವಾಯಿತು. ಅದಕ್ಕೆ ಹುರುಪು ತುಂಬಿದ್ದರಲ್ಲಿ ಈ ಒಂದು ವಾರದ ಪಾಲು ದೊಡ್ಡದು. ಸೋತು ಹೋದ ಜಿನ್ಸರ್ ಅವರ ಕಥೆ ಅಲ್ಲಿಗೇ ನಿಲ್ಲಲಿಲ್ಲ, ಮುಂದೆ ಐಡಹೊ ವಿಶ್ವವಿದ್ಯಾಲಯಕ್ಕೆ ಅಧ್ಯಕ್ಷೆಯಾದರು. ವಿದ್ಯಾರ್ಥಿಗಳು ತಮ್ಮ ಅಧ್ಯಕ್ಷರನ್ನು ತಾವೇ ಗಳಿಸಿಕೊಂಡ ಆ ವಾರದ ಮುಂದೆ ಯಾವ ವಾದ್ಯಮೇಳದ ಮೆರವಣಿಗೆಯೂ ನನಗೆ ಸಣ್ಣದೇ.

◆ ಕಪ್ಪು ಜನರ ಶಿಕ್ಷಣಕ್ಕೆಂದು 1867ರಲ್ಲಿ ಹುಟ್ಟಿದ ಹೊವರ್ಡ್ ವಿಶ್ವವಿದ್ಯಾಲಯಕ್ಕೂ 1926ರವರೆಗೆ ಬಿಳಿಯರೇ ಅಧ್ಯಕ್ಷರು. ಆ ವರ್ಷ ಬಂದ ಮಾರ್ಡಿಕಾಯ್ ಜಾನ್ಸನ್ 34 ವರ್ಷ ಅದನ್ನು ನಡೆಸಿದರು. ಭಾರತಕ್ಕೆ ಬಂದು ಹೋದ ಜಾನ್ಸನ್ ಫಿಲಡೆಲ್ಫಿಯಾದಲ್ಲಿ ಗಾಂಧೀಜಿಯ ಬಗ್ಗೆ ಮಾಡಿದ ಭಾಷಣ ಕೇಳಿ, ಗಾಂಧಿ ಪುಸ್ತಕಗಳನ್ನು ಕೊಂಡು ಓದತೊಡಗಿದ ಒಬ್ಬ ತರುಣನಿದ್ದ. ಅವನ ಹೆಸರು ಮಾರ್ಟಿನ್ ಲೂಥರ್ ಕಿಂಗ್.

◆ ಟೆಕ್ಸಸ್ಸಿನ ಗ್ರೇಪ್‌ಲ್ಯಾಂಡ್‌ನಲ್ಲಿ ಗೇಣಿ ರೈತನ ಹನ್ನೆರಡನೆಯ ಮಗುವಾಗಿ ಹುಟ್ಟಿದ ರೂತ್ ಸಿಮನ್ಸ್ 2001ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಅಧ್ಯಕ್ಷೆಯಾದರು. ಐವಿ ಲೀಗ್ ಎಂಬ ಪ್ರತಿಷ್ಠಿತ ಎಂಟು ಸಂಸ್ಥೆಗಳಲ್ಲಿ ಕಪ್ಪು ಜನಾಂಗದ ಮೊದಲ ಅಧ್ಯಕ್ಷರು ಅವರು. ಎರಡೇ ವರ್ಷದಲ್ಲಿ, ತಮ್ಮ ವಿಶ್ವವಿದ್ಯಾಲಯಕ್ಕೂ ಗುಲಾಮರ ವ್ಯಾಪಾರಕ್ಕೂ ಇದ್ದ ನಂಟನ್ನು ಬಗೆದು ನೋಡಲು ಸಮಿತಿ ನೇಮಿಸಿದರು. 2006ರಲ್ಲಿ ಅದರ ವರದಿ ಬಂತು.

◆ ವಯಸ್ಸಿನ ಮಾತು: ಆಲಿಸ್ ಫ್ರೀಮನ್ ವೆಲ್‌ಸ್ಲಿ ಕಾಲೇಜಿನ ಹೊಣೆ ಹೊತ್ತಾಗ 26 ವರ್ಷ, ರಾಬರ್ಟ್ ಹಚಿನ್ಸ್ 1929ರಲ್ಲಿ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಬಂದಾಗ 30, ಲಿಯಾನ್ ಬಾಟ್‌ಸ್ಟೈನ್ 1970ರಲ್ಲಿ ಫ್ರಾಂಕೋನಿಯ ಕಾಲೇಜಿನ ಅಧ್ಯಕ್ಷರಾದಾಗ 23!

◆ ಇಂಥ ಸಮಾರಂಭಗಳಲ್ಲಿ ಆಗಾಗ ಕೇಳುವ ಕೃತಿ ಜರ್ಮನ್ ಸಂಗೀತ ರಚನೆಕಾರ ಬ್ರಾಮ್ಸ್ ಅವರ ‘ಅಕಾಡೆಮಿಕ್ ಫೆಸ್ಟಿವಲ್ ಓವರ್ಚರ್’. 1879ರಲ್ಲಿ ಬ್ರೆಸ್ಲಾವ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಾಗ ಬ್ರಾಮ್ಸ್ ಒಂದು ಕಾರ್ಡ್ ಬರೆದು ಕೃತಜ್ಞತೆ ಹೇಳಿ ಸುಮ್ಮನಾಗಿದ್ದರು. ಅದು ಸಾಲದು, ಸಂಗೀತವನ್ನೇ ಕೊಡಬೇಕೆಂದು ಗೆಳೆಯರು ಹೇಳಿದ ಮೇಲೆ ಬರೆದದ್ದು ಇದು. 1881ರ ಜನವರಿ 4ರಂದು ತಾವೇ ನಿರ್ದೇಶಿಸಿ ನುಡಿಸಿದರು. ಗಂಭೀರ ವಿದ್ವಾಂಸರೆಲ್ಲ ಕೂತಿದ್ದ ಸಭೆಯಲ್ಲಿ ಅವರು ಪೋಣಿಸಿದ್ದು ಹುಡುಗರು ಕುಡಿದು ಹಾಡುವ ಹಾಡುಗಳ ಧಾಟಿಗಳನ್ನು.

◆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ‘ರೆಕ್ಟರ್’ ಎಂಬ ಸ್ಥಾನಕ್ಕೆ ವಿದ್ಯಾರ್ಥಿಗಳೇ ಓಟು ಹಾಕಿ ಆರಿಸುತ್ತಾರೆ, ಮೂರು ವರ್ಷದ ಅವಧಿಗೆ. ಕಿಪ್ಲಿಂಗ್, ‘ಪೀಟರ್ ಪ್ಯಾನ್’ ಬರೆದ ಬ್ಯಾರಿ, ಹಾಸ್ಯನಟ ಜಾನ್ ಕ್ಲೀಸ್ ಎಲ್ಲರೂ ಆ ಸ್ಥಾನದಲ್ಲಿದ್ದವರು. ಗೆದ್ದವರನ್ನು ಸಾರೋಟಿನಲ್ಲಿ ಕೂರಿಸಿ, ಕುದುರೆಗಳ ಬದಲು ವಿದ್ಯಾರ್ಥಿಗಳೇ ಹಗ್ಗ ಹಿಡಿದು ಊರೆಲ್ಲ ಎಳೆಯುತ್ತಾರೆ. ತೇರು ಎಳೆದು ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

◆ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಬ್ಯಾಗ್‌ಪೈಪ್ ನುಡಿಸುವುದರಲ್ಲೇ ಪದವಿ ಪಡೆಯಬಹುದು. ಸ್ಥಾಪಕ ಆ್ಯಂಡ್ರೂ ಕಾರ್ನೆಗಿ ಸ್ಕಾಟ್ಲೆಂಡಿನವರಲ್ಲವೇ! 2013ರಲ್ಲಿ ಅಲ್ಲಿ ಅಧ್ಯಕ್ಷರಾದವರು ಮದ್ರಾಸ್ ಐಐಟಿಯಲ್ಲಿ ಓದಿದ ಸುಬ್ರ ಸುರೇಶ್.

◆ ಕರ್ನಾಟಕದ ನಂಟಿನವರು? ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯಕ್ಕೆ ಐದು ಕ್ಯಾಂಪಸ್ಸುಗಳಿವೆ. ಇಡೀ ವ್ಯವಸ್ಥೆಗೆ ಒಬ್ಬ ಅಧ್ಯಕ್ಷರು, ಒಂದೊಂದು ಕ್ಯಾಂಪಸ್ಸಿಗೆ ಒಬ್ಬ ಚಾನ್ಸಲರ್. ಅದರ ಮುಖ್ಯ ಕ್ಯಾಂಪಸ್ಸಾದ ಆ್ಯಮ್‌ಹರ್ಸ್ಟ್‌ನಲ್ಲಿ 2012ರಿಂದ 2023ರವರೆಗೆ ಚಾನ್ಸಲರ್ ಆಗಿದ್ದವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮಾಡಿದ ಭೌತವಿಜ್ಞಾನಿ ಕುಂಬ್ಳೆ ಸುಬ್ಬಸ್ವಾಮಿ.

◆ ಅದೇ ರಾಜ್ಯದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ 2023ರ ಅಕ್ಟೋಬರ್‌ನಲ್ಲಿ 14ನೆಯ ಅಧ್ಯಕ್ಷರಾಗಿ ಪದಗ್ರಹಣ ಮಾಡಿದವರು ಸುನಿಲ್ ಕುಮಾರ್. ಎಂಜಿನಿಯರಿಂಗ್ ಓದಿದ್ದು ಕಡಲ ದಂಡೆಯ ಸುರತ್ಕಲ್ಲಿನಲ್ಲಿ, ನಾವು ಕೆಆರ್‌ಇಸಿ ಎಂದು ಕರೆಯುತ್ತಿದ್ದ, ಈಗಿನ ಎನ್‌ಐಟಿಕೆಯಲ್ಲಿ, 1990ರಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಪದವಿ ಪಡೆದು. ಅಲ್ಲಿಂದ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು 1992ರಲ್ಲಿ ಸ್ನಾತಕೋತ್ತರ ಪದವಿ. ಆಮೇಲೆ ಇಲಿನಾಯ್‌ನಲ್ಲಿ ಪಿಎಚ್.ಡಿ. ಟಫ್ಟ್ಸ್‌ಗೆ ಬರುವ ಮುಂಚೆ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪ್ರೊವೊಸ್ಟ್, ಅಂದರೆ ಶೈಕ್ಷಣಿಕ ವಿಭಾಗದ ಮುಖ್ಯಸ್ಥ ಆಗಿದ್ದರು.

◆ ಆ ಟಫ್ಟ್ಸ್‌ನ ಲಾಂಛನ ಆನೆ. ಸರ್ಕಸ್ ಮಾಲೀಕ ಬಾರ್ನಮ್ ಅಲ್ಲಿ ಟ್ರಸ್ಟಿಯಾಗಿದ್ದವನು, ತನ್ನ ಪ್ರಸಿದ್ಧ ಆನೆ ಜಂಬೊ ಸತ್ತ ಮೇಲೆ ಅದರ ಚರ್ಮ ತುಂಬಿಸಿದ ಮೂರ್ತಿಯನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದ. 1975ರ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ಬೂದಿಯನ್ನು ಕಡಲೆಕಾಯಿ ಬೆಣ್ಣೆಯ ಖಾಲಿ ಸೀಸೆಯೊಂದರಲ್ಲಿ ತುಂಬಿಟ್ಟಿದ್ದಾರೆ. ಪಂದ್ಯಕ್ಕೆ ಮುನ್ನ ಆ ಸೀಸೆ ಮುಟ್ಟಿ ಹೋದರೆ ಗೆಲುವು ಎಂದು ಅಲ್ಲಿನ ಆಟಗಾರರ ನಂಬಿಕೆ.